ವಂದನಾರ್ಪಣೆ ಇಲ್ಲದ ಕಾರ್ಖಾನೆ

ಈ ತಿಂಗಳ ಸರದಿಯಲ್ಲಿ ಅಧ್ಯಕ್ಷರ ಕುರ್ಚಿಗೆ ಬಂದಿರುವ ಪ್ಯಾಕಿಂಗ್ ವಿಭಾಗದ ಗೆಳತಿಯೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಮೇಲಿನ ಪ್ರೀತಿಯಿಂದ ದೂರದಿಂದ ಬಂದಿರುವ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಹೆಲ್ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ಬೈಕ್ ಸವಾರರ ಸಂಘದ ಗೆಳೆಯರೇ, ಕಟಿಂಗ್, ಹೊಲಿಗೆ, ಅಚ್ಚು, ಅಟ್ಟೆ, ಕ್ಯಾಂಟೀನು ಎಲ್ಲ ವಿಭಾಗಗಳ ಜೊತೆಗಾರರೇ, ಮತ್ತು ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಈ ಸಭಾಂಗಣದಲ್ಲಿ ಉಳಿದವರ ಹತ್ತು ಹತ್ತು ನಿಮಿಷಗಳನ್ನು ಕದ್ದು ಮಾತಾಡಿದವಳು ನಾನು. ಇವತ್ತೂ ಸ್ವಲ್ಪ ಕದಿಯುತ್ತೇನೆ. ಇವತ್ತು ನಿವೃತ್ತಳಾಗುತ್ತಿದ್ದೇನೆ, ಇದು ಕೊನೆಯ ಕಳ್ಳತನ, ಕ್ಷಮಿಸಿ.

ಅತಿಥಿಗಳಲ್ಲಿ ಒಬ್ಬರು ಆಗಲೇ ಕಾರ್ಯಕ್ರಮ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಿವಿಯಲ್ಲಿ ಕೇಳಿದರು, "ಅಚ್ಚಿನಲ್ಲಿ ಏನೋ ಬಿಟ್ಟುಹೋಗಿದೆ ಅನ್ಸುತ್ತೆ ಮೇಡಂ. ಸ್ವಾಗತ ಇದೆ, ವರದಿ ಇದೆ, ಭಾಷಣ ಇದೆ. ವಂದನಾರ್ಪಣೆ ಎಲ್ಲಿ?" ಬಿಟ್ಟುಹೋಗಿಲ್ಲ ಸ್ವಾಮಿ. ನಮ್ಮಲ್ಲಿ ವಂದನಾರ್ಪಣೆ ಇಲ್ಲ. ಬೂಟು ತಯಾರಿಸುವ ಈ ಸಹಕಾರಿ ಕಾರ್ಖಾನೆಯ ಒಂದು ವಾರ್ಷಿಕೋತ್ಸವದಲ್ಲೂ ಯಾರೂ ಎದ್ದು ನಿಂತು ಯಾರಿಗೂ ವಂದನೆ ಹೇಳಿಲ್ಲ. ಅದು ನಮ್ಮ ಏಳನೇ ನಿಯಮ. ಆ ನಿಯಮವನ್ನು ಬರೆದವಳು ನಾನು. ಇವತ್ತು ನಾನು ಮಾತಾಡಬೇಕಾಗಿರುವುದು ಅದರ ಬಗ್ಗೆಯೇ.

ಯಾಕೆ ಇವತ್ತೇ ಎಂದು ಕೇಳಬಹುದು. ಎರಡು ಕಾರಣಗಳಿವೆ. ಹೊಸ ಕಟಿಂಗ್ ಕೋಣೆಗೆ ನನ್ನ ಹೆಸರಿಡಬೇಕೆಂದು ಸಮಿತಿ ತೀರ್ಮಾನಿಸಿದೆ. ಅಲ್ಲಿ ಬಾಗಿಲ ಮೇಲೆ ಪರದೆ ಮುಚ್ಚಿದ ಫಲಕ ಇದೆ, ನನ್ನ ಮಾತು ಮುಗಿದ ಮೇಲೆ ಪರದೆ ಎಳೆಯುತ್ತಾರಂತೆ. ಯಾರನ್ನೂ ಹೆಸರೆತ್ತಿ ಹೊಗಳಬಾರದು ಎಂಬ ಕಾರ್ಖಾನೆಯಲ್ಲಿ ಫಲಕ ಹೇಗೆ ಬಂತು ಅಂದರೆ, ಅದು ಹೊಗಳಿಕೆಯಲ್ಲ, ಗುರುತಿಗಾಗಿ ಇಟ್ಟ ಹೆಸರು ಎಂದು ಸಮಿತಿಯವರು ವಾದ ಮಾಡಿದರು. ವಾದ ಮಾಡುವುದನ್ನು ಕಲಿಸಿದವಳು ನಾನೇ, ಯಾರನ್ನು ಬಯ್ಯಲಿ?

ಎರಡನೆಯದು, ಹಿಂದಿನ ಸಾಲಿನ ಈ ಬೈಕ್ ಸವಾರರು. ಮನೆ ಮನೆಗೆ ಊಟ ತಲುಪಿಸುವವರು. ಕಂಪನಿಯ ಹಂಗು ಬಿಟ್ಟು, ತಮ್ಮದೇ ಆಪ್ ಕಟ್ಟಿಕೊಂಡು, ತಾವೇ ಅದರ ಒಡೆಯರಾಗಿ ದುಡಿಯಬೇಕೆಂದು ಹೊರಟಿದ್ದಾರೆ. ಬೆಳಿಗ್ಗೆ ನಮ್ಮ ನಿಯಮಗಳ ಪುಸ್ತಕದ ಪ್ರತಿ ಕೇಳಿದರು. "ಹಾಗೇ ಇಳಿಸ್ಕೊಳ್ತೀವಿ ಅಕ್ಕಾ, ಒಂದಕ್ಷರ ಬದಲಾಯಿಸಲ್ಲ" ಎಂದರು. ಬದಲಾಯಿಸಬೇಕು ಮಕ್ಕಳೇ. ಒಂದನ್ನು ಬದಲಾಯಿಸಲೇಬೇಕು. ಅದಕ್ಕೇ ಈ ಮಾತು.

ಮೊದಲು ನಿಯಮ ಹುಟ್ಟಿದ ಕಥೆ ಹೇಳುತ್ತೇನೆ. ಈ ಸಭಾಂಗಣವನ್ನು ಕಟ್ಟಿಸಿದವನು ಹಳೆಯ ಮಾಲೀಕ. ನಾವು ಗೋಡೆಗೆ ಬಣ್ಣ ಬದಲಾಯಿಸಿದ್ದೇವೆ, ಕುರ್ಚಿ ಬದಲಾಯಿಸಿದ್ದೇವೆ, ಈ ವೇದಿಕೆ ಮಾತ್ರ ಅವನದೇ. ಆಗಲೂ ವಾರ್ಷಿಕೋತ್ಸವ ನಡೆಯುತ್ತಿತ್ತು. ಕಾರ್ಮಿಕರೆಲ್ಲ ಎಡಗಡೆಯ ಮೆಟ್ಟಿಲು ಹತ್ತಿ ಸಾಲಾಗಿ ಬರಬೇಕು. ಮಾಲೀಕ ಒಂದು ಬಿಸ್ಕತ್ತಿನ ಡಬ್ಬ ಕೊಡುತ್ತಾನೆ. ತೆಗೆದುಕೊಂಡು, ಇದೇ ಜಾಗದಲ್ಲಿದ್ದ ಮೈಕಿನ ಮುಂದೆ ನಿಂತು "ಧನ್ಯವಾದ ಸಾಹೇಬರೇ" ಎಂದು ಹೇಳಿ ಬಲಗಡೆಯ ಮೆಟ್ಟಿಲಿನಿಂದ ಇಳಿಯಬೇಕು. ನಾನೂರು ಜನ, ನಾನೂರು ಧನ್ಯವಾದ. ದನಿ ಸಣ್ಣದಾದರೆ ಮೇಸ್ತ್ರಿ ಕೆಳಗಿನಿಂದ ಕೂಗುತ್ತಿದ್ದ, "ಗಂಟಲಲ್ಲಿ ಏನ್ ಸಿಕ್ಕೊಂಡಿದೆಯೋ? ಇನ್ನೊಂದ್ಸಲ ಹೇಳು!"

ನನ್ನ ಅಪ್ಪ ಬೂಟಿನ ಅಡಿಯ ಅಟ್ಟೆ ಕತ್ತರಿಸುವ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ. ಒಂದು ವರ್ಷ ಆ ಪ್ರೆಸ್ಸು ಅಟ್ಟೆಯ ಜೊತೆಗೆ ಅವನ ಬಲಗೈಯ ಎರಡು ಬೆರಳನ್ನೂ ಕತ್ತರಿಸಿತು. ಕೈ ಒಳಗೆ ಹೋಗದಂತೆ ಯಂತ್ರಕ್ಕೆ ಅಡ್ಡಪಟ್ಟಿ ಹಾಕಿಸಿ ಎಂದು ಅಪ್ಪ ಮೂರು ಸಲ ಕೇಳಿದ್ದ. ಗಾಯವಾಗಿ ಹದಿನೆಂಟು ದಿನಕ್ಕೆ ವಾರ್ಷಿಕೋತ್ಸವ ಬಂತು. ಬರದಿದ್ದರೆ ಕೆಲಸ ಹೋಗುತ್ತದೆ ಎಂದು ಅಪ್ಪ ಬಂದ. ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾರು. ನಾವಿಬ್ಬರೂ ಅಲ್ಲಿ, ಆ ಕಿಟಕಿಯ ಹತ್ತಿರ ನಿಂತಿದ್ದೆವು. ಮಾಲೀಕ ಡಬ್ಬವನ್ನು ಅಪ್ಪನ ಬಲಗೈಗೆ ಕೊಡಲು ಹೋದ, ಬ್ಯಾಂಡೇಜು ನೋಡಿ ಎಡಗೈಗೆ ಕೊಟ್ಟ. ಜನ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಮೈಕಿನ ಮುಂದೆ ನಿಂತು, ಯಾರೂ ಗದರಿಸದೆಯೇ, ಗಟ್ಟಿಯಾಗಿ ಹೇಳಿದ, "ಧನ್ಯವಾದ ಸಾಹೇಬರೇ."

ಮನೆಗೆ ನಡೆದು ಹೋಗುವಾಗ ಡಬ್ಬವನ್ನು ಅಕ್ಕ ಹಿಡಿದುಕೊಂಡಿದ್ದಳು. ನಾನು ಕೇಳಿದೆ, "ಅಪ್ಪಾ, ಬೆರಳು ತಗೊಂಡೋರಿಗೆ ಯಾಕೆ ಥ್ಯಾಂಕ್ಸ್ ಹೇಳ್ದೆ?"

ಅಪ್ಪ ಎಡಗೈಯಿಂದ ಬ್ಯಾಂಡೇಜು ಸರಿಮಾಡಿಕೊಂಡ. "ಬೇರೆ ಏನ್ ಹೇಳೋದಿತ್ತು ಮಗಳೇ, ಅಷ್ಟ್ ಜನರ ಮುಂದೆ?"

ಆ ತಿಂಗಳೇ ಅಕ್ಕ ಶಾಲೆ ಬಿಟ್ಟಳು. ಅಪ್ಪನ ಬದಲಿಗೆ ಕಟಿಂಗ್ ಮೇಜಿನ ಮುಂದೆ ನಿಂತಳು. ನಾನು ಓದಿದೆ. ಅವಳ ದುಡಿಮೆಯಲ್ಲಿ ಓದಿದೆ. ಏಳನೇ ನಿಯಮ ಬರೆಯುವಷ್ಟು ಓದಿದೆ.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. ಮಾಲೀಕ ಕಾರ್ಖಾನೆ ಮುಚ್ಚಿದ. ಒಂದು ಬೆಳಗಿನ ಜಾವ ಯಂತ್ರಗಳನ್ನು ಹೊತ್ತೊಯ್ಯಲು ಆರು ಲಾರಿಗಳು ಬಂದವು. ಅಕ್ಕನ ಜೊತೆ ನಾನೂ ಬಂದು ಸೇರಿದೆ, ಎಲ್ಲರೂ ಗೇಟಿನ ಮುಂದೆ ಅಡ್ಡ ಮಲಗಿದೆವು. ಹನ್ನೊಂದು ವಾರ ಮಲಗಿದೆವು. ಕೊನೆಗೆ ಬೀಗ ಒಡೆದು ಒಳಗೆ ಹೋಗಿ, ಒಡೆಯನಿಲ್ಲದೆ ಬೂಟು ಮಾಡಿ ತೋರಿಸಿದೆವು. ಇದು ಎರಡು ತಿಂಗಳು ಬಾಳಿಕೆ ಬರಲ್ಲ ಅಂದರು. ಕೂಲಿಯವರು ಕೂತು ತೀರ್ಮಾನ ಮಾಡ್ತಾರಂತೆ ಎಂದು ಪೇಟೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ನಾವಿನ್ನೂ ಇದ್ದೇವೆ. ನಮ್ಮ ಬೂಟು ಹಾಕಿಕೊಂಡು ಶಾಲೆಗೆ ಹೋದ ಮಕ್ಕಳ ಮಕ್ಕಳು ಈಗ ನಮ್ಮ ಬೂಟು ಹಾಕಿಕೊಳ್ಳುತ್ತಿದ್ದಾರೆ.

ಆ ಮೊದಲ ತಿಂಗಳು ಕ್ಯಾಂಟೀನಿನಲ್ಲಿ ಕೂತು ನಿಯಮ ಬರೆದೆವು. ಹದಿನಾಲ್ಕು ನಿಯಮ. ಏಳನೆಯದನ್ನು ನಾನು ಒಂದೇ ಉಸಿರಿಗೆ ಬರೆದೆ. "ಇಲ್ಲಿ ಯಾರೂ ಯಾರಿಗೂ ಕೃತಜ್ಞತೆ ಹೇಳಬೇಕಾಗಿಲ್ಲ. ಯಾರನ್ನೂ ಹೆಸರೆತ್ತಿ ಹೊಗಳತಕ್ಕದ್ದಲ್ಲ. ಆದದ್ದೆಲ್ಲ ಎಲ್ಲರಿಂದ ಆದದ್ದು." ಓದಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಳುತ್ತಿದ್ದರು ಕೆಲವರು. ಆ ಮೆಟ್ಟಿಲು ಹತ್ತಿಳಿದವರೇ ಅಲ್ಲವೇ ಎಲ್ಲರೂ? ಹೊಗಳಬಾರದು ಎಂಬ ನಿಯಮಕ್ಕೆ ನನಗೆ ಸಿಕ್ಕಷ್ಟು ಹೊಗಳಿಕೆ ಇನ್ನಾವುದಕ್ಕೂ ಸಿಗಲಿಲ್ಲ. ಆವತ್ತು ನನಗದು ತಮಾಷೆಯಾಗಿ ಕಾಣಲಿಲ್ಲ.

ನಿಯಮಕ್ಕೆ ದಂಡವೂ ಇತ್ತು. ಬಾಯಿತಪ್ಪಿ ಥ್ಯಾಂಕ್ಸ್ ಅಂದವರು ಒಂದು ವಾರ ಅಂಗಳ ಗುಡಿಸಬೇಕು. ಹೊಸದಾಗಿ ಸೇರಿದವರು ಕ್ಯಾಂಟೀನಿನಲ್ಲಿ ಚಹಾ ಲೋಟ ತೆಗೆದುಕೊಂಡು ಥ್ಯಾಂಕ್ಸ್ ಅಂದುಬಿಡುತ್ತಿದ್ದರು, ಅಡುಗೆಯವಳು ಸೌಟಿನಿಂದ ಪೊರಕೆಯ ಕಡೆ ತೋರಿಸುತ್ತಿದ್ದಳು. ಒಬ್ಬ ಅಂತೂ ಸೇರಿದ ಮೊದಲ ತಿಂಗಳಿಡೀ ಗುಡಿಸಿದ. ಪಾಪ, ಒಳ್ಳೆಯ ಮನೆಯಲ್ಲಿ ಬೆಳೆದವನು. ನನ್ನ ಗಂಡ, ನಿಮಗೆಲ್ಲ ಗೊತ್ತಿರುವ ನಮ್ಮ ಫಿಟ್ಟರು, ಒಂದು ದಿನ ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟು, ನಾನು ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದ, "ಮನೇಲೂ ಏಳನೇ ನಿಯಮಾನಾ?" ನಾನು ನಕ್ಕೆ. ಅವನು ನಗಲಿಲ್ಲ ಅನ್ನುವುದು ನನಗೆ ಈಗ ನೆನಪಾಗುತ್ತಿದೆ.

ಇರಲಿ. ವಿಷಯಕ್ಕೆ ಬರುತ್ತೇನೆ.

ನಾಲ್ಕನೇ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ಶಾಲಾ ಮಕ್ಕಳಿಗೆ ಒಂಬತ್ತು ಸಾವಿರ ಜೊತೆ ಬೂಟು. ಅದು ಕೈತಪ್ಪಿದರೆ ಕಾರ್ಖಾನೆ ಮುಚ್ಚಬೇಕು, ಅಂಥ ಸ್ಥಿತಿ. ಉಗ್ರಾಣದಲ್ಲಿದ್ದ ತೊಗಲು ಎಂಟು ಸಾವಿರ ಜೊತೆಗೆ ಮಾತ್ರ ಸಾಕು. ಇನ್ನಷ್ಟು ಕೊಡಲು ತೊಗಲಿನ ವ್ಯಾಪಾರಿಗಳು ಒಪ್ಪಲಿಲ್ಲ. ಒಡೆಯನಿಲ್ಲದ ಕಾರ್ಖಾನೆಯನ್ನು ಯಾರು ನಂಬುತ್ತಾರೆ ಎಂದು ಬಾಗಿಲು ಹಾಕಿಕೊಂಡರು. ನಾನು ಕಾರ್ಯದರ್ಶಿ. ಏನು ಮಾಡಿದೆ? ಭಾಷಣ ಮಾಡಿದೆ. ಮೂರು ಶನಿವಾರ ಮೂರು ಭಾಷಣ. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಭಾಷಣದಿಂದ ತೊಗಲು ಹಿಗ್ಗುವುದಿಲ್ಲವಲ್ಲ.

ಆ ಮೂರು ವಾರವೂ ಊಟದ ಬಿಡುವಿನಲ್ಲಿ ಅಕ್ಕ ಕಟಿಂಗ್ ಮೇಜು ಬಿಟ್ಟು ಏಳಲಿಲ್ಲ. ಎಡಗೈಯಲ್ಲಿ ರೊಟ್ಟಿ, ಬಲಗೈಯಲ್ಲಿ ರಟ್ಟಿನ ತುಂಡು. ರಟ್ಟಿನಲ್ಲಿ ಬೂಟಿನ ಭಾಗಗಳನ್ನು ಕತ್ತರಿಸಿಕೊಂಡು, ತೊಗಲಿನ ಮೇಲೆ ಹೀಗಿಟ್ಟು ಹಾಗಿಟ್ಟು ನೋಡುತ್ತಿದ್ದಳು. ಹೊರಗಿನವರಿಗೆ ಒಂದು ಮಾತು ಹೇಳಬೇಕು. ತೊಗಲು ಬಟ್ಟೆಯಲ್ಲ, ಅದಕ್ಕೊಂದು ಎಳೆತ ಇರುತ್ತದೆ. ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹಿಗ್ಗುವುದಿಲ್ಲ. ಜಾಗ ಉಳಿಸಲು ಅಡ್ಡಾದಿಡ್ಡಿ ಕತ್ತರಿಸಿದರೆ ಬೂಟು ಎರಡು ತಿಂಗಳಿಗೆ ಬಾಯಿ ಬಿಡುತ್ತದೆ. ಹಾಗಾಗಿ ಎಲ್ಲರೂ ತುಂಡುಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ಇಡುತ್ತಿದ್ದರು, ನಡುವೆ ಎಷ್ಟೋ ಜಾಗ ಹಾಳಾಗುತ್ತಿತ್ತು. ಅಕ್ಕ ಎಳೆತ ಕೆಡದಂತೆ ಒಂದರ ಪಕ್ಕ ಒಂದನ್ನು ತಲೆಕೆಳಗಾಗಿ ಇಟ್ಟಳು. ಒಂದರ ಅಗಲವಾದ ತುದಿಯ ಪಕ್ಕಕ್ಕೆ ಇನ್ನೊಂದರ ಕಿರಿದಾದ ತುದಿ. ಎಂಟು ಜೊತೆ ಬರುವ ತೊಗಲಿನಲ್ಲಿ ಒಂಬತ್ತು ಜೊತೆ ಬಂತು.

ಇವತ್ತಿಗೂ ಕಟಿಂಗ್ ವಿಭಾಗದಲ್ಲಿ ಅದನ್ನು 'ತಲೆಕಾಲು' ಅನ್ನುತ್ತಾರೆ. ಹೊಸಬರಿಗೆ ಮೊದಲು ಕಲಿಸುವುದೇ ಅದನ್ನು. ಯಾಕೆ ಆ ಹೆಸರು ಎಂದು ಯಾರಾದರೂ ಕೇಳಿದ್ದೀರಾ? ನಾನು ಹೇಳುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಅಗಲವಾದ ಹಾಸಿಗೆ. ನಾವಿಬ್ಬರು, ಚಿಕ್ಕಮ್ಮನ ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಜನ ಒಂದೇ ಕಡೆ ತಲೆ ಹಾಕಿದರೆ ಹಿಡಿಸುತ್ತಿರಲಿಲ್ಲ. ಅಕ್ಕ ನಮ್ಮನ್ನು ಒಬ್ಬರ ತಲೆ ಮೇಲೆ, ಒಬ್ಬರ ತಲೆ ಕೆಳಗೆ ಮಾಡಿ ಮಲಗಿಸುತ್ತಿದ್ದಳು. ನನ್ನ ಮೂಗಿನ ಮುಂದೆ ಯಾವಾಗಲೂ ಅವಳ ಕಾಲು. "ತಲೆಕಾಲು ಮಲಗ್ರೇ, ಎಲ್ಲರೂ ಹಿಡಿಸ್ತೀರ" ಅನ್ನುತ್ತಿದ್ದಳು. ಈ ಕಾರ್ಖಾನೆಯನ್ನು ಉಳಿಸಿದ್ದು ಆ ಹಾಸಿಗೆ.

ಒಂಬತ್ತು ಸಾವಿರ ಜೊತೆ ಹೋಯಿತು. ಆ ಶನಿವಾರದ ಸಭೆಯಲ್ಲಿ, ಈಗ ಅಧ್ಯಕ್ಷರು ಕೂತಿರುವ ಕುರ್ಚಿಯಲ್ಲಿ ಆ ತಿಂಗಳ ಸರದಿಯಂತೆ ನಾನು ಕೂತಿದ್ದೆ. ವರದಿ ಓದುತ್ತಿದ್ದಂತೆ ಹೊಲಿಗೆಯ ಹೆಂಗಸರು ಎದ್ದು ನಿಂತರು. ಅವರಲ್ಲೊಬ್ಬಳು ಚಪ್ಪಾಳೆ ಶುರು ಮಾಡಿದಳು. ಬೂಟನ್ನು ಅಚ್ಚಿಗೆ ಕೂರಿಸುವ ವಿಭಾಗದ ತಾತ, ತೀರಿಕೊಂಡು ಎಷ್ಟೋ ವರ್ಷವಾಯಿತು, ತನ್ನ ಸುತ್ತಿಗೆಯಿಂದ ಬೆಂಚು ಬಡಿಯುತ್ತಾ ಕೂಗಿದ, "ಕಟಿಂಗ್ ಅಕ್ಕಾ, ಎದ್ದು ಮುಖ ತೋರಿಸವ್ವಾ! ನಮ್ಮೆಲ್ಲರ ಅನ್ನ ಉಳಿಸಿದ ಕೈ ಅದು, ಒಂದ್ಸಲ ಮೇಲೆತ್ತು!" ಸಭೆಗೆ ಸಭೆಯೇ ಅತ್ತ ತಿರುಗಿತು. ಅಕ್ಕ ಬೆಂಚಿನಿಂದ ಎದ್ದಳು. ಪೂರ್ತಿ ಎದ್ದಿರಲಿಲ್ಲ. ಒಂದು ಕೈ ಬೆಂಚಿನ ಮೇಲೆ ಊರಿತ್ತು.

ನಾನು ಗಂಟೆ ಬಾರಿಸಿದೆ. "ಏಳನೇ ನಿಯಮ! ಕೂತ್ಕೊಳ್ಳಿ ಎಲ್ಲರೂ!"

ಚಪ್ಪಾಳೆ ನಿಂತಿತು. ಅರ್ಧ ಎದ್ದವಳು ಹಾಗೆಯೇ ಕೂತಳು.

ಅವತ್ತಿನ ನಡಾವಳಿ ಪುಸ್ತಕ ತೆಗೆದು ನೋಡಿ, ನನ್ನ ಅಕ್ಷರದಲ್ಲಿದೆ. "ಎಲ್ಲರ ಪ್ರಯತ್ನದಿಂದ ಕೆಲಸ ಪೂರೈಸಲಾಯಿತು." ಪೂರೈಸಲಾಯಿತು! ಯಾರು ಪೂರೈಸಿದರು? ಮಾಲೀಕನ ಕಾಲದ ವರದಿಗಳಲ್ಲೂ ಇದೇ ಭಾಷೆ ಇತ್ತು. ಬೂಟು ತಯಾರಾಯಿತು, ಲಾಭ ಬಂದಿತು, ಬೆರಳು ಹೋಯಿತು. ಮಾಡಿದವರು ಯಾರೂ ಇಲ್ಲ, ಕಳೆದುಕೊಂಡವರು ಯಾರೂ ಇಲ್ಲ.

ಯಾಕೆ ಹಾಗೆ ಮಾಡಿದೆ? ಬಹಳ ವರ್ಷ ನಾನು ಒಂದು ಉತ್ತರ ಇಟ್ಟುಕೊಂಡಿದ್ದೆ. ಅವಳು ನನ್ನ ಸ್ವಂತ ಅಕ್ಕ, ನಾನು ಬಿಟ್ಟುಕೊಟ್ಟರೆ ಮನೆಯವರಿಗೊಂದು ನಿಯಮ ಊರಿಗೊಂದು ನಿಯಮ ಅನ್ನುತ್ತಿದ್ದರು. ಚೆಂದದ ಉತ್ತರ. ಅದರಲ್ಲಿ ಅರ್ಧ ನಿಜವೂ ಹೌದು. ಉಳಿದ ಅರ್ಧವನ್ನು ಇವತ್ತು ಹೇಳುತ್ತೇನೆ. ಮೂರು ಶನಿವಾರ ಗಂಟಲು ಹರಿದುಕೊಂಡವಳು ನಾನು, ಎದ್ದು ನಿಂತದ್ದು ಅವಳಿಗೆ. ಬಾಯಿಬಿಟ್ಟು ಎರಡು ಮಾತಾಡಲು ಬಾರದವಳಿಗೆ. ನನಗೆ ಹೊಟ್ಟೆಕಿಚ್ಚಾಯಿತು. ಸಮಾಜವಾದದ ಹೆಸರಿನಲ್ಲಿ ಗಂಟೆ ಬಾರಿಸಿದೆ, ಬಾರಿಸಿದ್ದು ಹೊಟ್ಟೆಕಿಚ್ಚು.

ಮನೆಗೆ ಜೊತೆಯಲ್ಲೇ ನಡೆದು ಹೋದೆವು. ಅವಳ ಓಣಿ ತಿರುಗುವ ಹತ್ತಿರ ನಿಂತು ಹೇಳಿದಳು, "ಒಂದ್ ಮಾತು ಸಾಕಿತ್ತು ಕಣೇ."

"ನಿಯಮ ನಿನಗೂ ಗೊತ್ತಲ್ಲಕ್ಕಾ. ನೀನೂ ಕೈ ಎತ್ತಿದ್ದೆ."

"ಎತ್ತಿದ್ದೆ. ಅಪ್ಪನ ಬಾಯಲ್ಲಿ ಬಲವಂತವಾಗಿ ಹೇಳಿಸಿದ್ರು ಅಂತ ಎತ್ತಿದ್ದೆ. ಬಾಯಿಗೆ ಬಂದಿದ್ದನ್ನ ನುಂಗಿಸ್ತೀಯ ಅಂತ ಗೊತ್ತಿರ್ಲಿಲ್ಲ."

ಇಲ್ಲಿಗೆ ನಿಂತಿದ್ದರೆ ಇದೊಂದು ಸಣ್ಣ ನೋವು, ಮರೆತುಹೋಗುತ್ತಿತ್ತು. ನಿಲ್ಲಲಿಲ್ಲ. ಎರಡು ವರ್ಷದ ನಂತರ ಒಂದು ದೂರು ಬಂತು. ತೊಗಲಿನ ಮೇಲಿಟ್ಟು ಗೆರೆ ಎಳೆಯುವ ತಗಡಿನ ಅಳತೆಗಳಿವೆಯಲ್ಲ, ಅವುಗಳ ಮೂಲೆಯಲ್ಲಿ ಏನೋ ಗೀಚಿದೆ ಎಂದು. ನೋಡಿದೆವು. ಉಗುರಿನಷ್ಟು ದೊಡ್ಡ ಗುರುತು. ಎರಡು ಪುಟ್ಟ ಗೆರೆ, ಒಂದರ ತಲೆಯ ಸೊನ್ನೆ ಮೇಲೆ, ಇನ್ನೊಂದರದು ಕೆಳಗೆ. ಇಪ್ಪತ್ತಾರು ತಗಡಿನ ಮೇಲೂ ಇತ್ತು. ಹೆಸರಲ್ಲ, ಅಕ್ಷರವಲ್ಲ. ಹಾಸಿಗೆಯ ಮೇಲೆ ಮಲಗಿದ ಎರಡು ಮಕ್ಕಳು. ಸಭೆಯಲ್ಲಿ ಅದು ಏನೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಗೀಚಿದವಳು, ಇನ್ನೊಬ್ಬಳು ವಿಚಾರಣೆ ನಡೆಸಿದವಳು.

ಹೌದು, ವಿಚಾರಣೆ. ನಗಬೇಡಿ. ಹೊಸ ಲೋಕ ಕಟ್ಟಲು ಹೊರಟ ಅರವತ್ತು ಜನ, ಯಂತ್ರಗಳನ್ನು ನಿಲ್ಲಿಸಿ, ಮೂರು ಗಂಟೆ ಕಾಲ ಉಗುರಿನಷ್ಟು ಗುರುತಿನ ಬಗ್ಗೆ ಚರ್ಚೆ ಮಾಡಿದೆವು. ಮಾಡಿದ ಕೆಲಸದ ಮೇಲೆ ತನ್ನ ಗುರುತು ಒತ್ತುವುದು ಖಾಸಗಿ ಒಡೆತನದ ಮೊದಲ ಹೆಜ್ಜೆಯೇ ಅಲ್ಲವೇ ಎಂದು ಒಬ್ಬ ಪಾಯಿಂಟು ಹಾಕಿದ. ನಾನು ಅದನ್ನು ಬರೆದುಕೊಂಡೆ. ಅಕ್ಕನನ್ನು ಕೇಳಿದೆವು, ಏನಿದು, ಯಾಕೆ ಹಾಕಿದಿರಿ? ಅಕ್ಕನಿಗೆ 'ನೀವು' ಎಂದೆ ನಾನು, ಸಭೆಯ ಮರ್ಯಾದೆ! ಅವಳು ನನ್ನ ಮುಖ ನೋಡಿದಳು. ನಾನು ಹೇಳಿಬಿಡುತ್ತೇನೆ ಎಂದು ಕಾದಳು. ಇದು ನಮ್ಮ ಚಿಕ್ಕಂದಿನ ಹಾಸಿಗೆ, ಇದರಲ್ಲಿ ಒಡೆತನವೂ ಇಲ್ಲ ಗಿಡೆತನವೂ ಇಲ್ಲ ಎಂದು ನಾನು ಹೇಳಿದ್ದರೆ ಸಭೆ ನಕ್ಕು ಮನೆಗೆ ಹೋಗುತ್ತಿತ್ತು. ನಾನು ಬರೆದುಕೊಳ್ಳುತ್ತಾ ತಲೆ ತಗ್ಗಿಸಿದ್ದೆ.

"ಏನಿಲ್ಲ," ಅಂದಳು ಅಕ್ಕ. "ಕೈ ಸುಮ್ನಿರ್ಲಿಲ್ಲ, ಗೀಚಿದೆ."

ಗುರುತು ಅಳಿಸಬೇಕೆಂದು ತೀರ್ಮಾನವಾಯಿತು. ಅಕ್ಕ ಏಪ್ರನ್ ಬಿಚ್ಚಿದಳು, ನಾಲ್ಕು ಮಡಿಕೆ ಮಾಡಿದಳು, ಕಟಿಂಗ್ ಮೇಜಿನ ಮೇಲಿಟ್ಟಳು, ಹೊರಟುಹೋದಳು. ಮಾಲೀಕನ ಕಾಲವೂ ಸೇರಿ ಆಗಲೇ ಇಪ್ಪತ್ತೊಂಬತ್ತು ವರ್ಷ ಅದೇ ಮೇಜಿನ ಮುಂದೆ ನಿಂತವಳು. ಬಾಗಿಲ ತನಕ ಯಾರೂ ಏನೂ ಹೇಳಲಿಲ್ಲ. ನಿಯಮ ಇತ್ತಲ್ಲ.

ಅರದಿಂದ ಉಜ್ಜಿ ಗುರುತು ಅಳಿಸಲು ಫಿಟ್ಟರಿಗೆ ಹೇಳಿದೆ. ನನ್ನ ಗಂಡನಿಗೆ. "ನನ್ನ ಅರ ಬೇರೆ ಕೆಲಸಕ್ಕೆ ಇಟ್ಕೊಂಡಿದ್ದೀನಿ" ಎಂದ. ನಾನೇ ಇನ್ನೊಂದು ಅರ ತೆಗೆದುಕೊಂಡು ಕೂತೆ. ಇಪ್ಪತ್ತಾರು ತಗಡು. ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಉಜ್ಜಿದೆ. ಕಟಿಂಗ್ ವಿಭಾಗದವರೇ, ಹಳೆಯ ತಗಡುಗಳ ಮೂಲೆ ಯಾಕೆ ತಗ್ಗಾಗಿದೆ ಎಂದು ಕಳೆದ ವರ್ಷ ನೀವು ನನ್ನನ್ನು ಕೇಳಿದಿರಿ. ಹಳೆಯದಾಯಿತಲ್ಲ, ಸವೆದಿದೆ ಅಂದೆ. ಸುಳ್ಳು. ಸವೆದದ್ದಲ್ಲ.

ಅಕ್ಕ ಹೊರಗಿನ ಒಂದು ಕಂಪನಿಗೆ ಸೇರಿದಳು. ಇದೇ ಮೈಕಿನಲ್ಲಿ ನಾನು ಅವಳನ್ನು ದ್ರೋಹಿ ಎಂದು ಕರೆದೆ. ಅಲ್ಲಿ ಅವಳಿಗೆ ಹೆಸರು ಸಿಕ್ಕಿತು ಅಂದುಕೊಂಡಿರಾ? ಅವಳ ತಲೆಕಾಲನ್ನು ಕಂಪನಿ ತನ್ನ ಡಿಸೈನ್ ಮುಖ್ಯಸ್ಥನ ಹೆಸರಿಗೆ ಬರೆದುಕೊಂಡಿತು. ಅವನು ಜೀವಮಾನದಲ್ಲಿ ಒಂದು ತೊಗಲನ್ನು ಮುಟ್ಟಿ ಎಳೆದು ನೋಡಿದವನಲ್ಲ. ಅಲ್ಲಿ ಕದಿಯುತ್ತಾರೆ, ಕದ್ದು ತಮ್ಮ ಮುದ್ರೆ ಒತ್ತುತ್ತಾರೆ. ಅದಕ್ಕೇ ನಾವು ಬೀಗ ಒಡೆದದ್ದು, ಮತ್ತೆ ಒಡೆಯಬೇಕಾದರೆ ಮತ್ತೆ ಒಡೆಯುತ್ತೇನೆ. ಹಾಗಾಗಿ ನನ್ನ ಮಾತು ಕೇಳಿ, "ನೋಡಿದಿರಾ, ಒಡೆಯನೇ ವಾಸಿಯಾಗಿದ್ದ" ಎಂದು ಮನೆಯಲ್ಲಿ ಕೂತು ಮೀಸೆ ತಿರುವುವವರಿಗೆ ಹೇಳುತ್ತೇನೆ, ತಿರುವಬೇಡಿ. ಒಡೆಯ ವಾಸಿಯಾಗಿರಲಿಲ್ಲ. ಆದರೆ ಒಡೆಯ ಮಾಡಿದ ಕಳ್ಳತನವನ್ನೇ ನಾವು ಕಳ್ಳನಿಲ್ಲದೆ ಮಾಡಿದೆವು. ಅವಳಿಂದ ತೆಗೆದುಕೊಂಡು 'ಎಲ್ಲರದು' ಎಂದು ಬರೆದೆವು. ಎಲ್ಲರದು ಎಂದು ಬರೆದದ್ದು ಎಲ್ಲರ ಹತ್ತಿರ ಉಳಿಯುತ್ತದೆಯೇ? ವರ್ಷ ಕಳೆದಂತೆ ಹೆಚ್ಚು ಮಾತಾಡಿದವರ ಹತ್ತಿರ ಹೋಗಿ ಸೇರುತ್ತದೆ. ಹೊಸಬರು ಬಂದರು, ತಲೆಕಾಲು ಯಾರು ಕಂಡುಹಿಡಿದದ್ದು ಎಂದು ಕೇಳಿದರು, "ಎಲ್ಲರೂ ಸೇರಿ, ಆಗ ಇವರೇ ಕಾರ್ಯದರ್ಶಿ" ಎಂದು ಉತ್ತರ ಸಿಕ್ಕಿತು. ಇನ್ನಷ್ಟು ಹೊಸಬರು ಬಂದರು, ಆಗ 'ಎಲ್ಲರೂ ಸೇರಿ' ಬಿದ್ದುಹೋಯಿತು. ನಾನು ತಿದ್ದಲಿಲ್ಲ. ಒಂದು ಸಲವೂ ತಿದ್ದಲಿಲ್ಲ. ಹಾಗೆ ಬಂದು ಆ ಕೋಣೆಯ ಬಾಗಿಲ ಮೇಲೆ ಪರದೆಯ ಹಿಂದೆ ನನ್ನ ಹೆಸರು ಕೂತಿದೆ.

ಕಳೆದ ವಾರ ಅಕ್ಕನ ಮನೆಗೆ ಹೋಗಿದ್ದೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ. ಮೂರನೇ ಮಹಡಿ, ಕಿಟಕಿಯ ಹತ್ತಿರ ಸಣ್ಣ ಸ್ಟೂಲು ಹಾಕಿಕೊಂಡು ಮೊಮ್ಮಗಳ ಬೂಟಿಗೆ ಹೊಸ ಅಟ್ಟೆ ಹಾಕುತ್ತಿದ್ದಳು. ನೋಡಿದ ತಕ್ಷಣ ಗೊತ್ತಾಯಿತು, ನಮ್ಮ ಬೂಟು. ನಮ್ಮ ಕಾರ್ಖಾನೆಯದೇ.

"ಬೇರೆ ಸಿಗ್ಲಿಲ್ವಾ?" ಅಂದೆ. ಇಪ್ಪತ್ತಮೂರು ವರ್ಷದ ನಂತರ ಆಡಿದ ಮೊದಲ ಮಾತು!

"ಕಟಿಂಗ್ ಚೆನ್ನಾಗಿದೆ," ಅಂದಳು. ಬೂಟು ತಿರುಗಿಸಿ, "ಹೊಲಿಗೆ ಕೆಟ್ಟುಹೋಗಿದೆ. ನೋಡ್ಕೊಳ್ಳಲ್ವಾ ನೀವು?" ಹೊಲಿಗೆ ವಿಭಾಗದವರು ಗಮನಿಸಬೇಕು.

ಕೋಣೆಗೆ ನನ್ನ ಹೆಸರಿಡುವ ಸುದ್ದಿ ಹೇಳಿದೆ. ನಕ್ಕಳು. "ಇಡಲಿ ಬಿಡು. ನೀನೂ ದುಡಿದಿದ್ದೀಯ."

"ಬೇಡಕ್ಕಾ. ನಾನು ಸಭೆಯಲ್ಲಿ ಎಲ್ಲಾ ಹೇಳ್ತೀನಿ. ನಿನ್ನ ಗುರುತು ಮತ್ತೆ ಹಾಕಿಸ್ತೀನಿ."

ಅವಳು ಬೂಟನ್ನು ಬೆಳಕಿಗೆ ಹಿಡಿದಳು. ಹಳೆಯ ಹೊಲಿಗೆ ಬಿಚ್ಚಿದ ಕಡೆ ಸಾಲಾಗಿ ತೂತುಗಳು. "ಬಟ್ಟೆ ಆಗಿದ್ರೆ ನೀರಲ್ಲಿ ಅದ್ದಿದ್ರೆ ಮುಚ್ಕೊಳ್ತಿತ್ತು," ಅಂದಳು. "ಚರ್ಮದಲ್ಲಿ ಸೂಜಿ ತೂತು ಬಿದ್ದ ಮೇಲೆ ಮುಗೀತು. ನಿನಗೆ ಗೊತ್ತಿಲ್ವಾ? ಇಷ್ಟು ವರ್ಷ ಬೂಟಿನ ಕಾರ್ಖಾನೇಲಿದ್ದು ಏನ್ ಕಲ್ತೆ?"

ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಜಗಳ ಆಡಲು ಬರುತ್ತಿತ್ತು.

ಇವತ್ತು ಬಾ ಅಂದೆ. ಮೊಮ್ಮಗಳು ಶಾಲೆಯಿಂದ ಬರುವ ಹೊತ್ತು, ಆಗಲ್ಲ ಅಂದಳು. ಚಹಾ ಮಾಡಿಕೊಟ್ಟಳು. ಕುಡಿದೆ. ಲೋಟ ಕೊಡುವಾಗ ಆ ಮಾತು ಹೇಳಬೇಕು ಎಂದು ಬಾಯಿ ತೆರೆದೆ. ಅದನ್ನು ಹೇಳಲೆಂದೇ ಹೋಗಿದ್ದು ನಾನು. ಬರಲಿಲ್ಲ ಸಭಿಕರೇ. ಬಂಡವಾಳದ ಬಗ್ಗೆ ಬಾಯಿ ಬಡಿದುಕೊಂಡವಳಿಗೆ, ಲಾಠಿ ಹಿಡಿದವರ ಮುಂದೆ ಎದೆಯೊಡ್ಡಿ ಕೂಗಿದವಳಿಗೆ, ಎರಡಕ್ಷರದ ಒಂದು ಮಾತು ಬಾಯಿಗೆ ಬರಲಿಲ್ಲ. ಅಭ್ಯಾಸ ತಪ್ಪಿಹೋಗಿದೆ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವುದರಲ್ಲೇ ಐದು ನಿಮಿಷ ಕಳೆದು, ಬರ್ತೀನಿ ಅಂತ ಹೇಳಿ ಇಳಿದು ಬಂದೆ.

ಬೈಕ್ ಸವಾರ ಗೆಳೆಯರೇ, ನಿಮ್ಮ ಕಷ್ಟ ನನಗೆ ಗೊತ್ತಿದೆ. ಪ್ರತಿ ಮನೆಗೆ ಊಟ ಮುಟ್ಟಿಸಿದ ಮೇಲೂ ನಿಮ್ಮ ಫೋನು ಥ್ಯಾಂಕ್ಯೂ ಅನ್ನುತ್ತದಂತೆ, ಗ್ರಾಹಕರು ಒತ್ತುವ ನಕ್ಷತ್ರ ಕಮ್ಮಿಯಾದರೆ ಅದೇ ಫೋನು ಮರುದಿನ ಕೆಲಸ ಕೊಡುವುದಿಲ್ಲವಂತೆ. ಆ ಸುಳ್ಳು ಥ್ಯಾಂಕ್ಯೂ ಕೇಳಿ ಕೇಳಿ ನಿಮ್ಮ ಮೈ ಉರಿದಿದೆ. ಅದಕ್ಕೇ ನಮ್ಮ ಏಳನೇ ನಿಯಮ ಓದಿ ನಿಮ್ಮ ಕಣ್ಣು ಹೊಳೆದದ್ದು. ನಮ್ಮ ಕಣ್ಣೂ ಹಾಗೇ ಹೊಳೆದಿತ್ತು. ಕೋಪದಲ್ಲಿ ಬೀಗ ಒಡೆಯಿರಿ, ಕೋಪದಲ್ಲಿ ನಿಯಮ ಬರೆಯಬೇಡಿ. ಉಳಿದ ಹದಿಮೂರನ್ನು ಧಾರಾಳವಾಗಿ ಇಳಿಸಿಕೊಳ್ಳಿ. ಇದರಲ್ಲಿ ಮೊದಲ ವಾಕ್ಯ ಇಟ್ಟುಕೊಳ್ಳಿ, ಯಾರೂ ಯಾರಿಗೂ ಕೃತಜ್ಞತೆ ಹೇಳಬೇಕಾಗಿಲ್ಲ. ಬೇಕಾಗಿಲ್ಲ ಅನ್ನುವುದೇ ಬೇರೆ, ಕೂಡದು ಅನ್ನುವುದೇ ಬೇರೆ.

ಅಧ್ಯಕ್ಷರೇ, ಇವತ್ತು ಸಂಜೆ ಐದರ ತನಕ ನಾನು ಈ ಸಹಕಾರ ಸಂಘದ ಸದಸ್ಯೆ. ಸದಸ್ಯೆಯಾಗಿ ಒಂದು ಗೊತ್ತುವಳಿ ಮಂಡಿಸುತ್ತಿದ್ದೇನೆ. ಏಳನೇ ನಿಯಮದ ಎರಡನೇ ವಾಕ್ಯವನ್ನೂ ಗುಡಿಸುವ ದಂಡವನ್ನೂ ತೆಗೆಯಬೇಕು. ಕಟಿಂಗ್ ಕೋಣೆಯ ಫಲಕದಿಂದ ನನ್ನ ಹೆಸರು ತೆಗೆದು, ಸಭೆಗೆ ಒಪ್ಪಿಗೆಯಾದರೆ, ಆ ಎರಡು ಗೆರೆಗಳನ್ನು ಕೊರೆಯಬೇಕು. ಹೇಗೆ ಕೊರೆಯಬೇಕೆಂದು ಈ ಕಾಗದದಲ್ಲಿ ಬರೆದು ತೋರಿಸಿದ್ದೇನೆ. ಯಾವುದೇ ಗೊತ್ತುವಳಿ ಏಳು ದಿನ ಸೂಚನಾ ಫಲಕದ ಮೇಲಿದ್ದ ನಂತರವೇ ಕೈ ಎತ್ತಬೇಕು ಎಂಬ ನಿಯಮವಿದೆ. ಅದನ್ನೂ ನಾನೇ ಬರೆದದ್ದು. ಹಾಗಾಗಿ ನೀವು ಕೈ ಎತ್ತುವ ದಿನ ನಾನು ಇಲ್ಲಿ ಇರುವುದಿಲ್ಲ. ಎತ್ತಿ, ಅಥವಾ ಎತ್ತಬೇಡಿ. ನಾನು ಗಂಟೆ ಬಾರಿಸುವುದಿಲ್ಲ.

ಅಲ್ಲಿಯ ತನಕ ನಿಯಮ ಜಾರಿಯಲ್ಲಿದೆ. ಇನ್ನು ಎರಡು ನಿಮಿಷ ಅದನ್ನು ಮುರಿಯುತ್ತೇನೆ, ಸಹಿಸಿಕೊಳ್ಳಿ. ಇಪ್ಪತ್ತೊಂಬತ್ತು ವರ್ಷ ಚಹಾ ಕೊಟ್ಟ ಕ್ಯಾಂಟೀನಿನ ತಾಯಿ, ಥ್ಯಾಂಕ್ಸ್. ನನ್ನ ಭಾಷಣಗಳ ಹೊತ್ತಿನಲ್ಲೂ ಯಂತ್ರ ನಿಲ್ಲಿಸದ ಹೊಲಿಗೆಯವರಿಗೆ ಥ್ಯಾಂಕ್ಸ್. ಬೆಂಚು ಬಡಿದ ಅಚ್ಚಿನ ತಾತನಿಗೆ, ಅವನಿಗೆ ಕೇಳಿಸುವುದಿಲ್ಲ, ಆದರೂ ಥ್ಯಾಂಕ್ಸ್.

ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಫಿಟ್ಟರೇ, ತಲೆ ಎತ್ತಿ. ಆ ಗಂಜಿ ಚೆನ್ನಾಗಿತ್ತು. ಅರ ಕೊಡದೆ ಇದ್ದದ್ದಕ್ಕೂ ಥ್ಯಾಂಕ್ಸ್.

ಅಕ್ಕಾ, ತಲೆಕಾಲಿಗೆ ಥ್ಯಾಂಕ್ಸ್. ನಾನು ಓದಿದ್ದಕ್ಕೆ ಥ್ಯಾಂಕ್ಸ್. ಅವತ್ತು ಅರ್ಧ ಎದ್ದಿದ್ದೆಯಲ್ಲ.

ಸಾಕು. ಬಾಯಿ ಸ್ವಲ್ಪ ತಿರುಗಿತು. ನಿಯಮ ಮುರಿದದ್ದಕ್ಕೆ ಸೋಮವಾರದಿಂದ ಒಂದು ವಾರ ಬಂದು ಅಂಗಳ ಗುಡಿಸುತ್ತೇನೆ, ಪೊರಕೆ ಎತ್ತಿಡಿ. ಪರದೆ ಎಳೆಯುವ ಹೊತ್ತಿಗೆ ಮಾತ್ರ ನನ್ನನ್ನು ಕಾಯಬೇಡಿ. ಇಲ್ಲಿಂದ ಅಕ್ಕನ ಮನೆಗೆ ಇಪ್ಪತ್ತು ನಿಮಿಷದ ದಾರಿ, ಆಮೇಲೆ ಮೂರು ಮಹಡಿ. ಅಷ್ಟು ದೂರ ಈ ಮಾತು ಬಾಯಲ್ಲಿ ಉಳಿಯಬೇಕು.

ನಮಸ್ಕಾರ.